ಜಗತ್ತಿನ ಎಚ್‌ಐವಿ ಲೆಕ್ಕ ಹೇಗೆ ಸಿದ್ಧವಾಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಸಮೀಕ್ಷೆಯ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಹಾಗೂ ಪತ್ರಕರ್ತರ ತರಬೇತಿಗಳಲ್ಲಿ ಹಲವು ವರ್ಷಗಳಿಂದ ಕೇಳಿಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. ಆದ್ದರಿಂದ ಕೆಲವು ಉತ್ತರಗಳು ದೀರ್ಘವಾಗಿವೆ, ಕೆಲವು ಎರಡು ಮೂರು ಸಾಲುಗಳಲ್ಲಿ ಮುಗಿದಿವೆ.

ಜಗತ್ತಿನಲ್ಲಿ ಈಗ ಎಷ್ಟು ಜನ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿದ್ದಾರೆ?

ವಿಶ್ವಸಂಸ್ಥೆಯ ಯುಎನ್‌ಏಡ್ಸ್ ಪ್ರಕಟಿಸಿದ ಅಂದಾಜಿನಂತೆ 2024ರ ಕೊನೆಯಲ್ಲಿ 4.08 ಕೋಟಿ ಜನ. ಆದರೆ ಆ ಸಂಖ್ಯೆಯ ಪಕ್ಕದಲ್ಲೇ 3.70 ಕೋಟಿಯಿಂದ 4.56 ಕೋಟಿ ಎಂಬ ಕೆಳಮಿತಿ ಮತ್ತು ಮೇಲ್ಮಿತಿಯನ್ನೂ ಅದು ಮುದ್ರಿಸಿದೆ, ಮತ್ತು ಪತ್ರಿಕೆಗಳು ಮೊದಲು ಕೈಬಿಡುವುದು ಇದನ್ನೇ. ಆ ವರ್ಷ ಹೊಸದಾಗಿ ಸೋಂಕು ತಗುಲಿದವರು ಸುಮಾರು 13 ಲಕ್ಷ, ಏಡ್ಸ್ ಸಂಬಂಧಿತ ಕಾರಣಗಳಿಂದ ತೀರಿಕೊಂಡವರು ಸುಮಾರು 6.3 ಲಕ್ಷ, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯಲ್ಲಿದ್ದವರು 3.16 ಕೋಟಿ. ಭಾರತದ ಮಟ್ಟಿಗೆ 2023ರ ಅಂದಾಜು 25.44 ಲಕ್ಷ ಸೋಂಕಿತರನ್ನು ತೋರಿಸುತ್ತದೆ. ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.20. ಕರ್ನಾಟಕವು ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶದ ನಂತರದ ಸ್ಥಾನದಲ್ಲಿದ್ದು, 2019ರ ಅಂದಾಜಿನಲ್ಲಿ ಇಲ್ಲಿನ ಸೋಂಕಿತರ ಸಂಖ್ಯೆ 2.69 ಲಕ್ಷವಿತ್ತು.

ಈ ಸಂಖ್ಯೆಗಳನ್ನು ಯಾರಾದರೂ ಒಬ್ಬೊಬ್ಬರನ್ನಾಗಿ ಎಣಿಸಿದ್ದಾರೆಯೇ?

ಇಲ್ಲ. ಮೇಲಿನ ಸಂಖ್ಯೆಗಳಲ್ಲಿ ನಿಜವಾಗಿ ಎಣಿಸಿದ್ದು ಎಂದು ಹೇಳಬಹುದಾದದ್ದು ಚಿಕಿತ್ಸೆಯಲ್ಲಿರುವವರ ಸಂಖ್ಯೆ ಮಾತ್ರ, ಏಕೆಂದರೆ ಅವರಿಗೆ ಮಾತ್ರೆ ಕೊಟ್ಟ ದಾಖಲೆ ಎಆರ್‌ಟಿ ಕೇಂದ್ರಗಳಲ್ಲಿ ಇರುತ್ತದೆ. ಉಳಿದವೆಲ್ಲ ಅಂದಾಜುಗಳು. ಎಚ್‌ಐವಿ ತಗುಲಿದ ವ್ಯಕ್ತಿ ಎಷ್ಟೋ ವರ್ಷ ಯಾವ ಲಕ್ಷಣವೂ ಇಲ್ಲದೆ ಹೊಲದಲ್ಲಿ ದುಡಿಯುತ್ತಾ, ಮದುವೆ ಮುಂಜಿಗೆ ಹೋಗುತ್ತಾ ಇರಬಹುದು. ಪರೀಕ್ಷೆ ಮಾಡಿಸಿಕೊಳ್ಳದವರೆಗೆ ಅವರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಹೀಗಾಗಿ ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಆಸ್ಪತ್ರೆಗೆ ಬಂದವರ ಲೆಕ್ಕ ಸಿಗುತ್ತದೆಯೇ ಹೊರತು ಸೋಂಕಿತರ ಲೆಕ್ಕ ಸಿಗುವುದಿಲ್ಲ.

‘ಅಂದಾಜು’ ಎಂದರೆ ಬಾಯಿಗೆ ಬಂದ ಸಂಖ್ಯೆ ಎಂದು ತಿಳಿಯಬಾರದು. ಕಲಬುರಗಿಯ ಎಪಿಎಂಸಿ ಪ್ರಾಂಗಣದಲ್ಲಿ ತೊಗರಿ ಕೊಳ್ಳುವವರು ಚೀಲ ಬಿಚ್ಚಿ ಸುರಿಯುವುದಿಲ್ಲ. ಚೂಪಾದ ಕೊಳವೆಯೊಂದನ್ನು ಚೀಲಕ್ಕೆ ಚುಚ್ಚಿ, ಅಂಗೈಗೆ ಬಿದ್ದ ಒಂದು ಹಿಡಿ ಕಾಳನ್ನು ನೋಡಿ ದರ ಹೇಳುತ್ತಾರೆ. ಆ ಹಿಡಿ ಕಾಳು ಇಡೀ ಚೀಲದ ಗುಣವನ್ನು ಹೇಳಬೇಕಾದರೆ ಕೊಳವೆ ಮೇಲೂ ನಡುವೆಯೂ ತಳದಲ್ಲೂ ಹೊಕ್ಕಿರಬೇಕು. ಎಚ್‌ಐವಿ ಸಮೀಕ್ಷೆಯ ಇಡೀ ವಿದ್ಯೆ ಇದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಕೊಳವೆ ಎಲ್ಲಿ ಹೊಕ್ಕಿದೆ, ಎಲ್ಲಿ ಹೊಕ್ಕಿಲ್ಲ?

ಹಾಗಾದರೆ ಮಾಹಿತಿ ಯಾವ ಯಾವ ಮೂಲಗಳಿಂದ ಬರುತ್ತದೆ?

ಮುಖ್ಯವಾಗಿ ಗರ್ಭಿಣಿಯರ ಚಿಕಿತ್ಸಾಲಯಗಳಲ್ಲಿ ನಡೆಯುವ ಸೆಂಟಿನೆಲ್ ಕಣ್ಗಾವಲು (ಆಯ್ದ ಕೆಲವು ಕೇಂದ್ರಗಳಲ್ಲಿ ಮತ್ತೆ ಮತ್ತೆ ಸೋಂಕಿನ ಪ್ರಮಾಣ ನೋಡುವ ಪದ್ಧತಿ), ಮನೆಮನೆ ಸಮೀಕ್ಷೆ, ಹೆಚ್ಚು ಅಪಾಯದಲ್ಲಿರುವ ಸಮುದಾಯಗಳ ನಡುವಿನ ವಿಶೇಷ ಸಮೀಕ್ಷೆ, ಪರೀಕ್ಷೆ ಮತ್ತು ಚಿಕಿತ್ಸೆಯ ದೈನಂದಿನ ದಾಖಲೆಗಳು, ಹಾಗೂ ಮರಣ ನೋಂದಣಿ. ಶ್ರೀಮಂತ ದೇಶಗಳು ಬಹುಮಟ್ಟಿಗೆ ಪ್ರಕರಣ ವರದಿಯನ್ನೇ ನಂಬುತ್ತವೆ: ಅಲ್ಲಿ ಸೋಂಕು ಪತ್ತೆಯಾದ ಪ್ರತಿಯೊಬ್ಬರ ವಿವರವೂ ಗೋಪ್ಯವಾಗಿ ಆರೋಗ್ಯ ಇಲಾಖೆಗೆ ತಲುಪುತ್ತದೆ. ಅಮೆರಿಕದಲ್ಲಿ 1981ರ ಜೂನ್ 5ರಂದು ಲಾಸ್ ಏಂಜಲೀಸಿನ ಐವರು ಯುವಕರ ಅಪರೂಪದ ನ್ಯುಮೋನಿಯಾದ ವರದಿಯೊಂದು ಪ್ರಕಟವಾದದ್ದೇ ಈ ಬಗೆಯ ದಾಖಲಾತಿಯ ಆರಂಭ. ಭಾರತದಲ್ಲಿ ಮೊದಲ ಸೋಂಕುಗಳು 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೋಮನ್ ಅವರ ತಂಡದ ಪರೀಕ್ಷೆಯಲ್ಲಿ ಪತ್ತೆಯಾದವು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನಾಕೋ, 1992ರಲ್ಲಿ ಆರಂಭವಾಯಿತು. ಒಂದೇ ಪದ್ಧತಿಯಲ್ಲಿ ಮತ್ತೆ ಮತ್ತೆ ನಡೆಯುವ ಸೆಂಟಿನೆಲ್ ಕಣ್ಗಾವಲು ದೇಶದಲ್ಲಿ 1998ರಿಂದ ವ್ಯವಸ್ಥಿತ ರೂಪ ಪಡೆಯಿತು.

ಗರ್ಭಿಣಿಯರ ರಕ್ತವನ್ನೇ ಏಕೆ ಆರಿಸಿಕೊಂಡರು?

ಗರ್ಭಿಣಿಯರು ಹೇಗೂ ಆಸ್ಪತ್ರೆಗೆ ಬರುತ್ತಾರೆ, ಹೇಗೂ ಅವರ ರಕ್ತ ತೆಗೆಯುತ್ತಾರೆ, ಮತ್ತು ಅವರು ಯಾವುದೋ ಒಂದು ಗುಂಪಿಗೆ ಸೇರದೆ ಸಾಮಾನ್ಯ ಕುಟುಂಬಗಳಿಂದ ಬಂದವರು. ದಕ್ಷಿಣ ಆಫ್ರಿಕಾ 1990ರಿಂದಲೇ ಈ ಪದ್ಧತಿಯನ್ನು ಅನುಸರಿಸಿತು. ನಮ್ಮ ದೇಶದಲ್ಲಿ ಆಯ್ದ ಕೇಂದ್ರವೊಂದಕ್ಕೆ ಕಣ್ಗಾವಲಿನ ಅವಧಿಯಲ್ಲಿ ಮೊದಲ ಸಲ ಬರುವ 15ರಿಂದ 49 ವರ್ಷದ ಗರ್ಭಿಣಿಯರನ್ನು ಬಂದ ಸರದಿಯಂತೆ, ಒಬ್ಬರನ್ನೂ ಬಿಡದೆ, 400 ಜನ ತುಂಬುವವರೆಗೆ ಅಥವಾ ಮೂರು ತಿಂಗಳು ಮುಗಿಯುವವರೆಗೆ ಸೇರಿಸಿಕೊಳ್ಳುವುದು ರೂಢಿಯ ನಿಯಮ. ‘ಸರದಿಯಂತೆ’ ಎಂಬ ಮಾತು ಇಲ್ಲಿ ಪ್ರಾಣವಿದ್ದಂತೆ. ಸಿಬ್ಬಂದಿ ತಮಗೆ ಅನುಮಾನ ಬಂದವರನ್ನು ಮಾತ್ರ ಸೇರಿಸಿದರೆ ಪ್ರಮಾಣ ಏರುತ್ತದೆ, ಅಂಥವರನ್ನೇ ಬಿಟ್ಟರೆ ಇಳಿಯುತ್ತದೆ.

ಈ ಮೂಲಕ್ಕೆ ಮಿತಿಗಳೂ ಇವೆ. ಗಂಡಸರು ಇದರಲ್ಲಿ ಇಲ್ಲ. ಖಾಸಗಿ ಆಸ್ಪತ್ರೆಗೆ ಹೋಗುವವರು ಇಲ್ಲ. ಗರ್ಭ ಧರಿಸದ ಮಹಿಳೆಯರಿಲ್ಲ. ಸೋಂಕು ಹಳೆಯದಾದಂತೆ ಗರ್ಭಧಾರಣೆಯ ಸಾಧ್ಯತೆಯೇ ಕಡಿಮೆಯಾಗುವುದರಿಂದ ವಯಸ್ಸಾದ ಸೋಂಕಿತ ಮಹಿಳೆಯರು ಈ ಲೆಕ್ಕದಿಂದ ಜಾರಿಹೋಗುತ್ತಾರೆ. ಇಷ್ಟಾದರೂ ವರ್ಷದಿಂದ ವರ್ಷಕ್ಕೆ ಏರಿಳಿತ ತಿಳಿಯಲು ಇದಕ್ಕಿಂತ ಅಗ್ಗದ, ನಂಬಬಹುದಾದ ಮಾರ್ಗ ಬಹುಕಾಲ ಯಾರ ಬಳಿಯೂ ಇರಲಿಲ್ಲ.

ಹೆಸರಿಲ್ಲದೆ ಪರೀಕ್ಷೆ ಮಾಡುತ್ತಾರಂತೆ. ಸೋಂಕಿರುವ ತಾಯಿಗೆ ತಿಳಿಸದೆ ಬಿಡುವುದು ಅನ್ಯಾಯವಲ್ಲವೇ?

ತರಬೇತಿಯಲ್ಲಿ ಈ ಪ್ರಶ್ನೆ ಕೇಳುವವರ ಧ್ವನಿಯಲ್ಲಿ ಸಿಟ್ಟು ಇರುತ್ತದೆ, ಮತ್ತು ಆ ಸಿಟ್ಟು ಸಕಾರಣವಾದದ್ದು. ಕಣ್ಗಾವಲಿನ ಹಳೆಯ ಪದ್ಧತಿಯಲ್ಲಿ ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದ ಭಾಗವನ್ನು ಬೇರೆ ಟ್ಯೂಬಿಗೆ ಹಾಕಿ, ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕಿತ್ತು, ವಯಸ್ಸು, ಶಿಕ್ಷಣ, ಉದ್ಯೋಗ, ವಾಸಸ್ಥಳದಂಥ ಕೆಲವೇ ವಿವರಗಳೊಂದಿಗೆ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಅಲ್ಲಿ ಸೋಂಕು ಕಂಡರೂ ಆ ಟ್ಯೂಬು ಯಾರದೆಂದು ಜಗತ್ತಿನಲ್ಲಿ ಯಾರಿಗೂ ತಿಳಿಯದು. ಹೀಗೆ ಮಾಡಿದ್ದಕ್ಕೆ ಕಾರಣವಿತ್ತು: ಹೆಸರು ಹೊರಬರುವ ಭಯವಿದ್ದರೆ ಪರೀಕ್ಷೆ ಬೇಡವೆನ್ನುವವರಲ್ಲಿ ಸೋಂಕಿನ ಸಂಶಯವಿರುವವರೇ ಹೆಚ್ಚಾಗುತ್ತಾರೆ ಮತ್ತು ಲೆಕ್ಕ ಸುಳ್ಳಾಗುತ್ತದೆ.

ಆದರೆ ಇದು ನ್ಯಾಯವಾಗಬೇಕಾದರೆ ಅದೇ ತಾಯಿಗೆ ಅದೇ ದಿನ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಆಕೆಯ ಹೆಸರಿನಲ್ಲಿ, ಆಕೆಯ ಒಪ್ಪಿಗೆಯಿಂದ, ಆಪ್ತಸಮಾಲೋಚನೆಯೊಂದಿಗೆ ಬೇರೆ ಪರೀಕ್ಷೆ ಉಚಿತವಾಗಿ ದೊರೆಯಲೇಬೇಕು. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ಔಷಧ ಇರುವ ಈ ಕಾಲದಲ್ಲಿ ಆ ಪರೀಕ್ಷೆ ತಪ್ಪಿದರೆ ಅದು ಮಗುವಿನ ಬದುಕಿಗೆ ಬರೆ ಎಳೆದಂತೆ. ಈ ಕಾರಣಕ್ಕೇ ಹಲವು ದೇಶಗಳು ಹೆಸರಿಲ್ಲದ ಕಣ್ಗಾವಲನ್ನು ಬಿಟ್ಟು, ಗರ್ಭಿಣಿಯರಿಗೆ ಫಲಿತಾಂಶ ತಿಳಿಸುವ ನಿತ್ಯದ ಪರೀಕ್ಷೆಗಳ ದಾಖಲೆಯನ್ನೇ ಅಂದಾಜಿಗೂ ಬಳಸುವತ್ತ ಹೊರಳಿವೆ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಾದ ಹೊರಳು, ಆದರೆ ದಾಖಲೆ ಪುಸ್ತಕ ಪೂರ್ತಿಯಾಗಿ ತುಂಬಿದ್ದರೆ ಮಾತ್ರ.

ನಮ್ಮ ಕೇಂದ್ರದಲ್ಲಿ ಪ್ರಮಾಣ ಒಂದೇ ವರ್ಷದಲ್ಲಿ ಇಮ್ಮಡಿಯಾಯಿತು ಎಂದು ಸುದ್ದಿ ಬಂದಿತ್ತು. ನಂಬಬಹುದೇ?

400 ಮಾದರಿಗಳಲ್ಲಿ ಇಬ್ಬರಿಗೆ ಸೋಂಕು ಕಂಡರೆ ಪ್ರಮಾಣ ಶೇ 0.5. ಮರುವರ್ಷ ನಾಲ್ವರಿಗೆ ಕಂಡರೆ ಶೇ 1. ಕಾಗದದ ಮೇಲೆ ಇದು ಇಮ್ಮಡಿ; ನಿಜದಲ್ಲಿ ಇಬ್ಬರು ಹೆಚ್ಚು ಕಂಡಿದ್ದಾರೆ, ಅಷ್ಟೆ. ಸಂಖ್ಯಾಶಾಸ್ತ್ರದ ಪ್ರಕಾರ 400ರಲ್ಲಿ ಇಬ್ಬರು ಎಂಬ ಫಲಿತಾಂಶದ ಹಿಂದೆ ಇರುವ ನಿಜವಾದ ಪ್ರಮಾಣವು ಶೇ 0.1ರ ಆಸುಪಾಸಿನಿಂದ ಶೇ 1.8ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಆದ್ದರಿಂದ ಒಂದು ಕೇಂದ್ರದ ಒಂದು ವರ್ಷದ ಸಂಖ್ಯೆ ಸುದ್ದಿಯಲ್ಲ. ಹಲವು ಕೇಂದ್ರಗಳ ಹಲವು ವರ್ಷಗಳ ಸಂಖ್ಯೆಗಳು ಒಂದೇ ದಿಕ್ಕಿಗೆ ವಾಲಿದರೆ ಆಗ ಅದು ಸುದ್ದಿ.

ಮನೆಮನೆ ಸಮೀಕ್ಷೆಯಲ್ಲಿ ಏನು ನಡೆಯುತ್ತದೆ?

ಡಿಎಚ್‌ಎಸ್ ಎಂದು ಹೆಸರಾದ ಅಂತರರಾಷ್ಟ್ರೀಯ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ 1984ರಲ್ಲಿ ಆರಂಭವಾದರೂ, ಅದರಲ್ಲಿ ಎಚ್‌ಐವಿ ಪರೀಕ್ಷೆ ಸೇರಿದ್ದು 2001ರ ಸುಮಾರಿಗೆ, ಮಾಲಿ ಮತ್ತು ಜಾಂಬಿಯಾ ದೇಶಗಳಲ್ಲಿ. ಭಾರತದಲ್ಲಿ ಅದೇ ಮಾದರಿಯ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2005–06ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿ, 15ರಿಂದ 49 ವರ್ಷದವರಲ್ಲಿ ಸೋಂಕಿನ ಪ್ರಮಾಣ ಶೇ 0.28 ಎಂದು ಕಂಡುಕೊಂಡಿತು. ಕರ್ನಾಟಕದಲ್ಲಿ ಅದು ಶೇ 0.69 ಇತ್ತು.

ವಿಧಾನ ಸರಳವಾಗಿ ಕಾಣುತ್ತದೆ, ಆದರೆ ಪ್ರತಿ ಹೆಜ್ಜೆಯಲ್ಲೂ ಶಿಸ್ತು ಬೇಕು. ಮೊದಲು ಜನಗಣತಿಯ ಪಟ್ಟಿಯಿಂದ ಊರುಗಳನ್ನು ಮತ್ತು ನಗರದ ಬಡಾವಣೆಗಳನ್ನು ಚೀಟಿ ಎತ್ತುವ ತತ್ವದಲ್ಲಿ ಆರಿಸುತ್ತಾರೆ. ಆಯ್ಕೆಯಾದ ಊರಿನ ಎಲ್ಲ ಮನೆಗಳನ್ನು ಪಟ್ಟಿ ಮಾಡಿ, ಅದರಿಂದ ಮತ್ತೆ ಕೆಲವು ಮನೆಗಳನ್ನು ಆರಿಸುತ್ತಾರೆ. ಒಪ್ಪಿಗೆ ಪಡೆದ ಮೇಲೆ ಬೆರಳ ತುದಿಯನ್ನು ಚುಚ್ಚಿ, ದಪ್ಪನೆಯ ಸೋಸು ಕಾಗದದ ಮೇಲೆ ಮುದ್ರಿಸಿದ ದುಂಡು ಗುರುತುಗಳ ಒಳಗೆ ಒಂದೊಂದು ಹನಿ ಬೀಳಿಸುತ್ತಾರೆ. ಹನಿ ತಾನಾಗಿಯೇ ಹರಡಿ ಗುರುತನ್ನು ತುಂಬಬೇಕು. ಬೆರಳನ್ನು ಕಾಗದಕ್ಕೆ ಒತ್ತಿ ಸವರಬಾರದು. ಆ ಕಾಗದವನ್ನು ರಾತ್ರಿಯಿಡೀ ಬಿಸಿಲು, ಧೂಳು, ನೊಣ ತಾಗದಂತೆ ಒಣಗಿಸಿ, ತೇವ ಹೀರುವ ಸಿಲಿಕಾ ಪೊಟ್ಟಣ ಮತ್ತು ತೇವಾಂಶ ತೋರಿಸುವ ಚೀಟಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚುತ್ತಾರೆ. ಒಣಗಿದ ರಕ್ತದ ಹನಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದರ ಮೇಲೆ ಹೆಸರಿರುವುದಿಲ್ಲ, ಬಾರ್‌ಕೋಡ್ ಮಾತ್ರ ಇರುತ್ತದೆ. ಹಳ್ಳಿಯಿಂದ ದೂರದ ಪ್ರಯೋಗಾಲಯಕ್ಕೆ ಐಸ್ ಇಲ್ಲದೆ ರಕ್ತವನ್ನು ಒಯ್ಯಲು ಸಾಧ್ಯವಾದದ್ದು ಈ ಕಾಗದದಿಂದ.

ಆಫ್ರಿಕಾದ ಹಲವು ದೇಶಗಳಲ್ಲಿ ಸುಮಾರು ಒಂದು ದಶಕದಿಂದ ನಡೆಯುತ್ತಿರುವ ಫಿಯಾ ಎಂಬ ಮನೆಮನೆ ಸಮೀಕ್ಷೆಗಳು ಇನ್ನೂ ಮುಂದೆ ಹೋಗಿವೆ. ಅವು ಮನೆಯಲ್ಲೇ ಪರೀಕ್ಷಿಸಿ ಫಲಿತಾಂಶ ತಿಳಿಸುತ್ತವೆ, ರಕ್ತದಲ್ಲಿ ವೈರಾಣುವಿನ ಪ್ರಮಾಣ ಎಷ್ಟಿದೆ, ಎಆರ್‌ಟಿ ಔಷಧದ ಅಂಶ ಇದೆಯೇ ಎಂಬುದನ್ನೂ ನೋಡುತ್ತವೆ. ‘ನನಗೆ ಸೋಂಕಿಲ್ಲ’ ಎಂದು ಹೇಳಿದವರ ರಕ್ತದಲ್ಲಿ ಔಷಧ ಸಿಕ್ಕಿದರೆ, ಆ ವ್ಯಕ್ತಿಗೆ ತನ್ನ ಸ್ಥಿತಿ ಗೊತ್ತಿದೆ, ಹೇಳಿಕೊಳ್ಳಲು ಧೈರ್ಯ ಸಾಲದು ಎಂದು ಅರ್ಥವಾಗುತ್ತದೆ.

ಗುಳೆ ಹೋದವರ ಲೆಕ್ಕ ಯಾರಿಡುತ್ತಾರೆ?

ನಮ್ಮ ಭಾಗದ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ. ಮನೆಮನೆ ಸಮೀಕ್ಷೆಯು ಮನೆಯಲ್ಲಿ ಸಿಕ್ಕವರನ್ನು ಮಾತ್ರ ಕೇಳುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋದವರು ಊರಿನಲ್ಲೂ ಸಿಗುವುದಿಲ್ಲ, ಅಲ್ಲಿಯ ತಗಡಿನ ಶೆಡ್ಡುಗಳು ಯಾವ ಮನೆಪಟ್ಟಿಯಲ್ಲೂ ಇರುವುದಿಲ್ಲವಾದ್ದರಿಂದ ನಗರದಲ್ಲೂ ಸಿಗುವುದಿಲ್ಲ.

ಚಿಂಚೋಳಿ ತಾಲ್ಲೂಕಿನ ತಾಂಡಾವೊಂದರಲ್ಲಿ ತೊಗರಿ ರಾಶಿ ಮುಗಿದ ಮೇಲೆ ಸಮೀಕ್ಷೆಗೆ ಹೋಗಿದ್ದೆವು. ಪಟ್ಟಿಯಲ್ಲಿದ್ದ ಮನೆಗಳಲ್ಲಿ ಅರ್ಧಕ್ಕರ್ಧ ಬೀಗ. ಕಟ್ಟೆಯ ಮೇಲೆ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಮುದುಕಿ, ‘ಎಲ್ಲಾರೂ ಪುಣೆಕ ಹೋಗ್ಯಾರ್ರಿ ಅಕ್ಕೋರೆ, ಯುಗಾದಿಗೆ ಬರ್ತಾರ’ ಎಂದಳು. ನಿಯಮದ ಪ್ರಕಾರ ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಬೇಕು, ಆದರೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಬೇಕು, ಪಕ್ಕದ ಮನೆಯನ್ನು ಅದರ ಬದಲಿಗೆ ತೆಗೆದುಕೊಳ್ಳಬಾರದು. ಆಗ ನಮ್ಮ ಮೇಲಿದ್ದ ಮೇಲ್ವಿಚಾರಕರೊಬ್ಬರು ಗುರಿ ಮುಗಿಸುವ ಅವಸರದಲ್ಲಿ ಪಕ್ಕದ ಮನೆಯವರನ್ನೇ ತುಂಬಿಸಿಬಿಡಿ ಎಂದರು, ಮತ್ತು ಕೆಲವು ಫಾರಂಗಳು ಹಾಗೆ ತುಂಬಿಯೂ ಹೋದವು. ಆ ದಿನ ನಾನು ಗಟ್ಟಿಯಾಗಿ ಬೇಡವೆನ್ನಲಿಲ್ಲ ಎಂಬ ನೋವು ಈಗಲೂ ಇದೆ. ಊರಲ್ಲಿ ಉಳಿದವರಿಗೂ ಗುಳೆ ಹೋದವರಿಗೂ ಅಪಾಯ ಒಂದೇ ಅಲ್ಲ. ತಿಂಗಳುಗಟ್ಟಲೆ ಮನೆಯಿಂದ ದೂರ ಇರುವವರ ಬದಲಿಗೆ ಮನೆಯಲ್ಲೇ ಇರುವವರನ್ನು ಬರೆದರೆ ಫಾರಂ ತುಂಬುತ್ತದೆ, ಅಪಾಯ ಮರೆಯಾಗುತ್ತದೆ. ‘ಸಿಗಲಿಲ್ಲ’ ಎಂದು ಬರೆದ ಖಾಲಿ ಫಾರಂ ಸಂಶೋಧಕರಿಗೆ ಬಹಳ ಬೆಲೆಯುಳ್ಳದ್ದು: ಎಷ್ಟು ಜನ ತಪ್ಪಿಹೋಗಿದ್ದಾರೆ ಎಂದು ಗೊತ್ತಿದ್ದರೆ ಲೆಕ್ಕವನ್ನು ತಿದ್ದಬಹುದು, ಗೊತ್ತಿಲ್ಲದಿದ್ದರೆ ತಿದ್ದುವ ಮಾತೇ ಇಲ್ಲ.

ಈ ಕೊರತೆಯನ್ನು ತುಂಬಲು ವಲಸೆ ಕಾರ್ಮಿಕರು ಮತ್ತು ಲಾರಿ ಚಾಲಕರಿಗಾಗಿ ಪ್ರತ್ಯೇಕ ಕಣ್ಗಾವಲು ಕೇಂದ್ರಗಳನ್ನು ದೇಶದಲ್ಲಿ ನಡೆಸಲಾಗಿದೆ.

2006ರಲ್ಲಿ ಭಾರತದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಸೋಂಕಿತರು ಎಂದಿದ್ದರು, 2007ರಲ್ಲಿ ಅರ್ಧಕ್ಕಿಳಿಸಿದರು. ಮೊದಲು ಸುಳ್ಳು ಹೇಳಿದ್ದರೇ?

ಸುಳ್ಳು ಹೇಳಿರಲಿಲ್ಲ, ಕೊಳವೆ ಚೀಲದ ಒಂದೇ ಭಾಗಕ್ಕೆ ಹೊಕ್ಕಿತ್ತು. ನಾಕೋ 2005ಕ್ಕೆ 52 ಲಕ್ಷ ಎಂದಿತ್ತು, ಯುಎನ್‌ಏಡ್ಸ್ 57 ಲಕ್ಷ ಎಂದಿತ್ತು. ಆಗ ಅಂದಾಜಿಗೆ ಮುಖ್ಯ ಆಧಾರವಾಗಿದ್ದವು ಸರ್ಕಾರಿ ಆಸ್ಪತ್ರೆಗಳ ಗರ್ಭಿಣಿಯರ ಹಾಗೂ ಲೈಂಗಿಕ ರೋಗ ಚಿಕಿತ್ಸಾಲಯಗಳ ಮಾದರಿಗಳು. ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಬಡವರೇ ಹೆಚ್ಚಾಗಿ ಬರುತ್ತಾರೆ, ಮತ್ತು ಸೋಂಕಿನ ಸಂಶಯವಿರುವವರನ್ನು ಖಾಸಗಿ ವೈದ್ಯರು ಅಲ್ಲಿಗೇ ಕಳಿಸುತ್ತಾರೆ. ಹೀಗೆ ಒಂದೆಡೆ ಸೇರಿದವರ ಪ್ರಮಾಣವನ್ನು ಇಡೀ ಜಿಲ್ಲೆಗೆ, ಇಡೀ ರಾಜ್ಯಕ್ಕೆ ಹಚ್ಚಿದಾಗ ಸಂಖ್ಯೆ ಉಬ್ಬಿತು. ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ನಡೆದ ಜನಸಮುದಾಯ ಆಧಾರಿತ ಅಧ್ಯಯನವು ಈ ಉಬ್ಬನ್ನು ಮೊದಲೇ ತೋರಿಸಿತ್ತು.

2006ರಲ್ಲಿ ಕಣ್ಗಾವಲು ಕೇಂದ್ರಗಳ ಸಂಖ್ಯೆ 1,122ಕ್ಕೆ ಏರಿತು. ಮೂರನೇ ಕುಟುಂಬ ಆರೋಗ್ಯ ಸಮೀಕ್ಷೆಯ ರಕ್ತ ಪರೀಕ್ಷೆಯ ಫಲಿತಾಂಶವೂ ಕೈಗೆ ಬಂತು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸೋಂಕಿತರು ಸುಮಾರು 25 ಲಕ್ಷ, ಪ್ರಮಾಣ ಶೇ 0.36 ಎಂದಾಯಿತು. ಜಗತ್ತಿನ ಅಂದಾಜು ಕೂಡ 3.95 ಕೋಟಿಯಿಂದ 3.32 ಕೋಟಿಗೆ ಇಳಿಯಿತು. ಈ ಇಳಿಕೆಯ ಸುಮಾರು ಶೇ 70 ಭಾಗ ಭಾರತ, ಅಂಗೋಲಾ, ಕೀನ್ಯಾ, ಮೊಜಾಂಬಿಕ್, ನೈಜೀರಿಯಾ ಮತ್ತು ಜಿಂಬಾಬ್ವೆ ಎಂಬ ಆರು ದೇಶಗಳ ಲೆಕ್ಕ ಬದಲಾದದ್ದರಿಂದ ಬಂದದ್ದು. ಅದರಲ್ಲೂ ಭಾರತದ ಪಾಲೇ ದೊಡ್ಡದು.

ಆಗ ಒಬ್ಬ ಸೋಂಕಿತರೂ ಗುಣವಾಗಿರಲಿಲ್ಲ, ಒಂದು ಮನೆಯ ಕಷ್ಟವೂ ಕಡಿಮೆಯಾಗಿರಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ. ಹಳೆಯ ವರ್ಷಗಳ ಸಂಖ್ಯೆಗಳನ್ನೂ ಹೊಸ ವಿಧಾನದಿಂದ ಮತ್ತೆ ಲೆಕ್ಕ ಹಾಕಿ, ತಿದ್ದಿದ್ದೇವೆ ಎಂದು ಬಹಿರಂಗವಾಗಿ ಹೇಳಿದ್ದು ಪ್ರಾಮಾಣಿಕವಾದ ಕೆಲಸವೆಂದೇ ನನ್ನ ಭಾವನೆ.

ಲೈಂಗಿಕ ಕಾರ್ಯಕರ್ತೆಯರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯಿಂದ ಮಾದಕ ವಸ್ತು ಸೇವಿಸುವವರು: ಇವರ ಪಟ್ಟಿ ಎಲ್ಲೂ ಇರುವುದಿಲ್ಲ. ಇವರ ಸಮೀಕ್ಷೆ ಹೇಗೆ?

ಪಟ್ಟಿ ಇಲ್ಲದಿದ್ದರೆ ಚೀಟಿ ಎತ್ತಲಾಗದು. ಆದ್ದರಿಂದ ಬೇರೆ ದಾರಿಗಳನ್ನು ಹುಡುಕಲಾಗಿದೆ. ಮೊದಲನೆಯದು ಸ್ಥಳಗಳ ನಕ್ಷೆ: ಬಸ್ ನಿಲ್ದಾಣ, ಲಾಡ್ಜು, ಹೆದ್ದಾರಿಯ ಢಾಬಾಗಳಂಥ ಜಾಗಗಳನ್ನು ಸಮುದಾಯದವರ ನೆರವಿನಿಂದಲೇ ಗುರುತಿಸಿ, ಯಾವ ದಿನ ಯಾವ ಹೊತ್ತಿಗೆ ಎಷ್ಟು ಜನ ಸಿಗುತ್ತಾರೆ ಎಂದು ಬರೆದು, ಆ ಜಾಗ ಮತ್ತು ಹೊತ್ತುಗಳನ್ನೇ ಆರಿಸಿಕೊಳ್ಳುವುದು. ಎರಡನೆಯದು ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ರೂಪಿಸಿದ ಪದ್ಧತಿ. ಅದರಲ್ಲಿ ಸಮೀಕ್ಷೆಗೆ ಬಂದವರಿಗೇ ಸಾಮಾನ್ಯವಾಗಿ ಮೂರು ಕೂಪನ್ ಕೊಟ್ಟು, ತಮ್ಮ ಪರಿಚಯದವರಿಗೆ ತಲುಪಿಸಲು ಹೇಳುತ್ತಾರೆ. ಅವರು ಬಂದಾಗ ಮತ್ತೆ ಮೂರು. ಹೀಗೆ ಸರಪಳಿ ಬೆಳೆದು ಯಾರೂ ಮುಟ್ಟದ ಮೂಲೆಗಳನ್ನು ತಲುಪುತ್ತದೆ. ಹೆಚ್ಚು ಪರಿಚಯಸ್ಥರಿರುವವರು ಸರಪಳಿಯಲ್ಲಿ ಹೆಚ್ಚು ಸಿಗುವುದರಿಂದ ಅವರ ಉತ್ತರಕ್ಕೆ ಲೆಕ್ಕದಲ್ಲಿ ಕಡಿಮೆ ತೂಕ ಕೊಡುತ್ತಾರೆ.

ಮೂರನೆಯದು ಗೇಟ್ಸ್ ಪ್ರತಿಷ್ಠಾನದ ಅವಾಹನ್ ಯೋಜನೆಯ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಬಳಸಿದ ಮತಗಟ್ಟೆ ಮಾದರಿಯ ಸಮೀಕ್ಷೆ. ಹತ್ತಾರು ಜನರನ್ನು ಒಂದು ಕೋಣೆಯಲ್ಲಿ ನಡುವೆ ಅಡ್ಡ ತಡಿಕೆ ಇಟ್ಟು ಕೂರಿಸಿ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಾಗ ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ಹೌದು ಅಥವಾ ಇಲ್ಲ ಎಂಬ ಚೀಟಿಯನ್ನು ಡಬ್ಬಿಗೆ ಹಾಕುತ್ತಾರೆ. ಗುಂಪಿನ ಒಟ್ಟು ಉತ್ತರ ಮಾತ್ರ ಹೊರಬರುತ್ತದೆ. ಎದುರು ಕುಳಿತು ಕೇಳಿದಾಗ ‘ಪ್ರತಿ ಸಲ ಕಾಂಡೋಮ್ ಬಳಸುತ್ತೇವೆ’ ಎಂದು ಹೇಳುವ ಬಾಯಿ, ಡಬ್ಬಿಯ ಮುಂದೆ ಹೆಚ್ಚು ನಿಜ ಹೇಳುತ್ತದೆ.

ಹೊಸ ಸೋಂಕುಗಳನ್ನು ಅಳೆಯುವುದು ಹೇಗೆ?

ಒಂದು ಪರೀಕ್ಷೆಯಿಂದ ಸೋಂಕು ಇದೆಯೇ ಇಲ್ಲವೇ ಎಂದು ತಿಳಿಯುತ್ತದೆ, ಯಾವಾಗ ತಗುಲಿತು ಎಂದು ತಿಳಿಯುವುದಿಲ್ಲ. ಸೋಂಕು ಹೊಸದಾಗಿದ್ದಾಗ ದೇಹದ ಪ್ರತಿಕಾಯಗಳು ವೈರಾಣುವಿಗೆ ಸಡಿಲವಾಗಿ ಅಂಟುತ್ತವೆ, ಕಾಲ ಕಳೆದಂತೆ ಬಿಗಿಯಾಗುತ್ತವೆ. ಈ ಬಿಗಿಯನ್ನು ಅಳೆಯುವ ಪರೀಕ್ಷೆಯಿಂದ ಕಳೆದ ಸುಮಾರು ನಾಲ್ಕು ತಿಂಗಳಲ್ಲಿ ತಗುಲಿದ ಸೋಂಕನ್ನು ಗುರುತಿಸಬಹುದು. ಸೋಂಕು ಹೆಚ್ಚಿರುವ ದಕ್ಷಿಣ ಆಫ್ರಿಕಾ ಭಾಗದ ದೇಶಗಳಲ್ಲಿ ಇದು ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ ಹೊಸ ಸೋಂಕು ಲಕ್ಷಕ್ಕೆ ಐದರ ಆಸುಪಾಸು ಮಾತ್ರ. ಒಂದು ಲಕ್ಷ ಜನರ ರಕ್ತ ನೋಡಿದರೂ ಇಂಥ ಹೊಸ ಸೋಂಕು ಸಿಗುವುದು ಒಂದೋ ಎರಡೋ. ಹಾಗಾಗಿ ಇಲ್ಲಿ ಗಣಿತದ ಮಾದರಿಗಳನ್ನೇ ಆಶ್ರಯಿಸಬೇಕು.

ಇಲ್ಲಿ ಒಂದು ಗೊಂದಲವನ್ನು ತಿಳಿಗೊಳಿಸಬೇಕು. ಒಟ್ಟು ಸೋಂಕಿತರ ಸಂಖ್ಯೆ ಏರಿದರೆ ರೋಗ ಹರಡುತ್ತಿದೆ ಎಂದೇ ಅರ್ಥವಲ್ಲ. ಭಾರತದಲ್ಲಿ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಆರಂಭವಾದ ಮೇಲೆ ಸೋಂಕಿತರು ದೀರ್ಘಕಾಲ ಬದುಕುತ್ತಿದ್ದಾರೆ. ಸಾವು ಕಡಿಮೆಯಾದಾಗ, ಹೊಸ ಸೋಂಕು ಇಳಿಯುತ್ತಿದ್ದರೂ ಒಟ್ಟು ಸಂಖ್ಯೆ ಹೆಚ್ಚುತ್ತದೆ. ಈ ಏರಿಕೆಯಲ್ಲಿ ಬದುಕಿ ಉಳಿದವರಿದ್ದಾರೆ.

ಒಂದೇ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ಇಲ್ಲ. ಸೋಂಕಿಲ್ಲದ 1,000 ಜನರಲ್ಲಿ ಐವರಿಗೆ ಮಾತ್ರ ತಪ್ಪಾಗಿ ಪಾಸಿಟಿವ್ ತೋರಿಸುವ ಪರೀಕ್ಷೆಯೊಂದು ಇದೆ ಎನ್ನಿ. ಶೇ 0.2 ಸೋಂಕಿರುವ ಲಕ್ಷ ಜನರಲ್ಲಿ ನಿಜವಾದ ಸೋಂಕಿತರು 200, ಆದರೆ ತಪ್ಪು ಪಾಸಿಟಿವ್‌ಗಳೇ 499 ಬರುತ್ತವೆ. ಆದ್ದರಿಂದ ಭಾರತದಲ್ಲಿ ಕಣ್ಗಾವಲಿಗೆ ಎರಡು ಬೇರೆ ಬೇರೆ ಪರೀಕ್ಷೆಗಳನ್ನು, ಲಕ್ಷಣವಿಲ್ಲದ ವ್ಯಕ್ತಿಗೆ ಫಲಿತಾಂಶ ಹೇಳಬೇಕಾದಾಗ ಮೂರು ಪರೀಕ್ಷೆಗಳನ್ನು ಮಾಡುವ ನಿಯಮವಿದೆ.

ಇಷ್ಟೆಲ್ಲ ಮೂಲಗಳನ್ನು ಒಂದುಗೂಡಿಸುವವರು ಯಾರು?

ಆಯಾ ದೇಶದ ತಂಡಗಳೇ ಸ್ಪೆಕ್ಟ್ರಮ್ ಎಂಬ ತಂತ್ರಾಂಶದಲ್ಲಿ ಜನಸಂಖ್ಯೆ, ಕಣ್ಗಾವಲು, ಸಮೀಕ್ಷೆ ಮತ್ತು ಚಿಕಿತ್ಸೆಯ ಅಂಕಿಗಳನ್ನು ತುಂಬುತ್ತವೆ. ಯುಎನ್‌ಏಡ್ಸ್ ಮಾರ್ಗದರ್ಶನ ನೀಡಿ, ಪರಿಶೀಲಿಸಿ, ಸಾಮಾನ್ಯವಾಗಿ ಜುಲೈನಲ್ಲಿ ಪ್ರಕಟಿಸುತ್ತದೆ. ಅಮೆರಿಕದ ಐಎಚ್‌ಎಂಇ ಎಂಬ ಆರೋಗ್ಯ ಅಂಕಿಅಂಶಗಳ ಸಂಶೋಧನಾ ಸಂಸ್ಥೆ ತನ್ನದೇ ಅಂದಾಜನ್ನು ಬೇರೆಯಾಗಿ ಸಿದ್ಧಪಡಿಸುತ್ತದೆ, ಎರಡೂ ಎಲ್ಲ ಕಡೆ ಹೊಂದುವುದಿಲ್ಲ.

ಕಳೆದ ವರ್ಷದ ವರದಿಯನ್ನು ಈ ವರ್ಷದ ವರದಿಯೊಂದಿಗೆ ಹೋಲಿಸಬಹುದೇ?

ಹೋಲಿಸಬಾರದು. ಪ್ರತಿ ವರ್ಷ ಹೊಸ ಮಾಹಿತಿ ಸೇರಿದಾಗ ಹಿಂದಿನ ಎಲ್ಲ ವರ್ಷಗಳ ಅಂದಾಜನ್ನೂ ಮತ್ತೆ ಲೆಕ್ಕ ಹಾಕುತ್ತಾರೆ. ಏರಿಳಿತ ತಿಳಿಯಬೇಕಾದರೆ ಇತ್ತೀಚಿನ ವರದಿಯೊಳಗೇ ಇರುವ ಹಳೆಯ ವರ್ಷಗಳ ಸಾಲನ್ನು ನೋಡಬೇಕು.

ಸಾವಿನ ಲೆಕ್ಕ ಎಷ್ಟು ನಂಬಲರ್ಹ?

ಇದು ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ. ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಮಾತ್ರ ವೈದ್ಯರು ದೃಢೀಕರಿಸಿದ ಕಾರಣ ದೊರೆಯುತ್ತದೆ. ಏಡ್ಸ್‌ನಿಂದ ತೀರಿಕೊಂಡವರ ಪ್ರಮಾಣಪತ್ರದಲ್ಲಿ ಕ್ಷಯವೆಂದೋ ಜ್ವರವೆಂದೋ ಬರೆದಿರುತ್ತದೆ. ಕೆಲವೊಮ್ಮೆ ಕುಟುಂಬದ ಮಾನ ಉಳಿಸಲೆಂದು ಹಾಗೆ ಬರೆಯಿಸಿರುತ್ತಾರೆ.

95–95–95 ಎಂದರೆ ಏನು?

ಸೋಂಕಿತರಲ್ಲಿ ಶೇ 95 ಜನರಿಗೆ ತಮ್ಮ ಸ್ಥಿತಿ ಗೊತ್ತಿರಬೇಕು, ಅವರಲ್ಲಿ ಶೇ 95 ಜನ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ಶೇ 95 ಜನರ ವೈರಾಣು ಹತೋಟಿಯಲ್ಲಿರಬೇಕು ಎಂಬ, 2025ಕ್ಕೆ ಇಟ್ಟ ಗುರಿ. 2024ರಲ್ಲಿ ಜಗತ್ತಿನ ಸಾಧನೆ 87, 89 ಮತ್ತು 94. ಪ್ರತಿ ಸಂಖ್ಯೆಯೂ ಹಿಂದಿನದರ ಮೇಲಿನ ಪ್ರಮಾಣ ಎಂಬುದನ್ನು ಗಮನಿಸಬೇಕು: ಮೂರನ್ನೂ ಗುಣಿಸಿದರೆ ಒಟ್ಟು ಸೋಂಕಿತರಲ್ಲಿ ವೈರಾಣು ಹತೋಟಿಯಲ್ಲಿರುವವರು ಸುಮಾರು ಶೇ 73 ಮಾತ್ರ. ‘ಶೇ 94 ಯಶಸ್ಸು’ ಎಂದು ಬರೆಯುವುದು ದಾರಿ ತಪ್ಪಿಸುವ ಮಾತು.

ನಮ್ಮ ಜಿಲ್ಲೆಯ ಸಂಖ್ಯೆಯನ್ನು ಓದುವಾಗ ಏನನ್ನು ಗಮನಿಸಬೇಕು?

ಎಆರ್‌ಟಿ ಕೇಂದ್ರದ ಸಂಖ್ಯೆ ಆ ಕೇಂದ್ರಕ್ಕೆ ಬರುವವರದು, ಆ ಜಿಲ್ಲೆಯಲ್ಲಿ ವಾಸಿಸುವವರದಲ್ಲ. ಬೀದರ್ ಜಿಲ್ಲೆಯ ಒಂದು ಬದಿಗೆ ತೆಲಂಗಾಣ, ಇನ್ನೊಂದು ಬದಿಗೆ ಮಹಾರಾಷ್ಟ್ರ. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಔರಾದ ಕಡೆಯವರು ಹೈದರಾಬಾದಿಗೋ ಉದಗೀರಿಗೋ ಹೋಗಿ ಮಾತ್ರೆ ತರುವುದುಂಟು, ಆ ಕಡೆಯವರು ಇತ್ತ ಬರುವುದೂ ಉಂಟು. ಯಾದಗಿರಿ 2009ರ ಕೊನೆಯವರೆಗೆ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಅದಕ್ಕಿಂತ ಹಿಂದಿನ ಜಿಲ್ಲಾ ಅಂಕಿಗಳನ್ನು ಇಂದಿನ ಕಲಬುರಗಿಯ ಅಂಕಿಗಳ ಪಕ್ಕದಲ್ಲಿಟ್ಟು ‘ಇಳಿದಿದೆ’ ಎನ್ನುವಂತಿಲ್ಲ. ಪರೀಕ್ಷೆಗಳ ಸಂಖ್ಯೆ ಹೆಚ್ಚಾದ ವರ್ಷ ಪತ್ತೆಯಾದವರ ಸಂಖ್ಯೆಯೂ ಹೆಚ್ಚುತ್ತದೆ. ಆದ್ದರಿಂದ ಎಷ್ಟು ಜನರನ್ನು ಪರೀಕ್ಷಿಸಿದಾಗ ಎಷ್ಟು ಜನರಲ್ಲಿ ಕಂಡಿತು ಎಂದು ಎರಡನ್ನೂ ಕೇಳಿ ಬರೆದುಕೊಳ್ಳಬೇಕು.

ಸಮೀಕ್ಷೆಗೆ ರಕ್ತ ಕೊಟ್ಟರೆ ನನ್ನ ಹೆಸರು ಹೊರಬರುತ್ತದೆಯೇ?

2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿರುವ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ, 2017ರ ಪ್ರಕಾರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ಪರೀಕ್ಷೆಯನ್ನೂ ಮಾಡುವಂತಿಲ್ಲ, ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಹೆಸರಿಲ್ಲದ, ವ್ಯಕ್ತಿಯ ಸ್ಥಿತಿ ತಿಳಿಯುವ ಉದ್ದೇಶವಿಲ್ಲದ ಕಣ್ಗಾವಲಿಗೆ ಪ್ರತ್ಯೇಕ ಒಪ್ಪಿಗೆ ಬೇಡವೆಂದು ಕಾಯ್ದೆ ವಿನಾಯಿತಿ ಕೊಟ್ಟಿದೆ, ಆದರೆ ಅಧ್ಯಯನದ ಉದ್ದೇಶವನ್ನು ತಿಳಿಸಲೇಬೇಕೆಂದು ಅದೇ ಕಲಮು ಹೇಳುತ್ತದೆ. ಆದ್ದರಿಂದ ಮನೆಬಾಗಿಲಿಗೆ ಬಂದ ಸಿಬ್ಬಂದಿಯನ್ನು ಈ ರಕ್ತ ಯಾವುದಕ್ಕೆ, ಇದರ ಮೇಲೆ ನನ್ನ ಹೆಸರಿದೆಯೇ, ಫಲಿತಾಂಶ ನನಗೆ ತಿಳಿಸುತ್ತೀರಾ ಎಂದು ಕೇಳುವ ಹಕ್ಕು ನಿಮಗಿದೆ, ಉತ್ತರ ಸರಿಬರದಿದ್ದರೆ ಬೆರಳು ಕೊಡದಿರುವ ಹಕ್ಕೂ ಇದೆ. ನಿಮ್ಮ ಸ್ವಂತ ಸ್ಥಿತಿ ತಿಳಿಯಬೇಕೆಂದಿದ್ದರೆ ಸಮೀಕ್ಷೆಗಾಗಿ ಕಾಯದೆ ಹತ್ತಿರದ ಐಸಿಟಿಸಿ ಕೇಂದ್ರಕ್ಕೆ ಹೋಗಿ, ಅಥವಾ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.